ಕೋಡಿಯ ಬುಡದ ಸುಳಿ

ಬೀಳುವ ನೀರು ಗಾಳಿಯ ಜೊತೆಗೆ ಹತ್ತಿರದವರ ಮಾತನ್ನೂ ನುಂಗುತ್ತದೆಂದು ಅಣೆಕಟ್ಟಿನ ಊರಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಕೋಡಿಯ ಬಳಿ ಯಾರೂ ಬಾಯಿ ಬಿಡುವುದಿಲ್ಲ. ನುಂಗಿದ ಮಾತು ನೊರೆಯ ಗುಳ್ಳೆಯೊಳಗೆ ಸೇರುತ್ತದೆ; ಗುಳ್ಳೆ ಒಡೆದರೆ ಹೊರಬಂದು ಹೊಳೆಯ ಜೊತೆ ಹೋಗಿಬಿಡುತ್ತದೆ. ಕೋಡಿಯ ಬುಡದ ಸುಳಿ ಮಾತ್ರ ತಾನು ಬಿಟ್ಟ ಮಾತನ್ನು ತಾನೇ ಮತ್ತೆ ನುಂಗುತ್ತದೆ.

ಎಂಜಿನಿಯರ್ ನಾಗವೇಣಿಯ ಗಂಡ ಗುರುಸಿದ್ಧ ಆ ಸುಳಿಗೆ ಜಾರಿಬಿದ್ದು ಆರು ವರ್ಷವಾಗಿತ್ತು. ಬೀಳುವ ಮುಂಚೆ ಕೋಡಿಯ ಮೆಟ್ಟಿಲ ಮೇಲೆ ನಿಂತು ಅವಳನ್ನು ಕೂಗಿದ್ದ. ಆ ಕೂಗು ಇನ್ನೂ ಅಲ್ಲೇ ಸುತ್ತುತ್ತಿತ್ತು.

ಇವತ್ತು ಪ್ರಯೋಗಾಲಯದಲ್ಲಿ ಅವಳು ಕೋಡಿಯ ಗಾಜಿನ ಮಾದರಿಯ ಬುಡಕ್ಕೆ ಒಂದು ಮರದ ತುಂಡು ಅಂಟಿಸಿ ನೀರು ಬಿಟ್ಟಳು. ಸುಳಿ ಏಳಲೇ ಇಲ್ಲ. ಮೇಲಿಂದ ಬಿಟ್ಟ ಬೆಂಡಿನ ಬೊಂಬೆ ಸಲೀಸಾಗಿ ತೇಲಿಹೋಯಿತು.

"ಗೆದ್ರಿ ನೋಡ್ರಿ ಮೇಡಂ, ಇನ್ನ ಯಾರೂ ಮುಳುಗಂಗಿಲ್ಲ," ಎಂದ ಮೆಕ್ಯಾನಿಕ್ ಚನಮಲ್ಲಪ್ಪ. ಆಮೇಲೆ ದನಿ ತಗ್ಗಿಸಿದ. "ಆದ್ರ ಸಾಹೇಬ್ರ ದನೀನೂ ಹೋಕ್ಕೈತಲ್ರಿ. ಬ್ಯಾಡ ಅನ್ನೂದಾದ್ರ ಈ ತುಂಡು ನಾ ನೋಡೇ ಇಲ್ಲ."

"ಸೋಮವಾರ ಕೋಡಿ ಬುಡಕ್ಕ ಇಂಥಾದ್ದ ಕಾಂಕ್ರೀಟಿಂದು ಇಳಿಸಾಕ ಹೇಳ್ರಿ," ಎಂದಳು ನಾಗವೇಣಿ.

ಸಂಜೆ ಕೋಡಿಯ ಮೆಟ್ಟಿಲ ಮೇಲೆ ಕೂತಳು. ನೊರೆಯೊಳಗಿಂದ ದನಿ ಬಂತು. "ವೇಣಿ, ಚಾ ಆರಾಕತ್ತೈತಿ, ಲಗೂ ಬಾ."

ಅವನ ದನಿಯಲ್ಲಿ ತನ್ನದು ಬೆರೆತೀತೆಂದು ಆರು ವರ್ಷ ಅಲ್ಲಿ ತುಟಿ ಬಿಚ್ಚದವಳು ಇವತ್ತು ನೊರೆಯತ್ತ ಬಗ್ಗಿದಳು. "ಬಂದೆ, ತಡೀರಿ."

ಸುಳಿ ಒಂದು ಸುತ್ತು ಹಾಕಿತು. ಅವನು ಮತ್ತೆ ಕರೆದ. ಈ ಸಲ ಉತ್ತರ ನೊರೆಯೊಳಗಿಂದಲೇ, ಅವಳದೇ ದನಿಯಲ್ಲಿ ಬಂತು. ಸೋಮವಾರ ಸುಳಿ ನಿಂತಾಗ ಅವನ ದನಿ ಒಂಟಿಯಾಗಿ ಹೊಳೆಗಿಳಿಯಬೇಕಾಗಿರಲಿಲ್ಲ.