ಕರ್ತೃ ಯಾರು ಸರ?

ಹಾವೇರಿ ಕಡೆಯ ಒಂದು ಹಳ್ಳಿ. ಶಾಲೆಯ ಅಂಗಳದಲ್ಲಿ ಮಕ್ಕಳ ಗ್ರಾಮಸಭೆ...

ವರ್ಷಕ್ಕೊಮ್ಮೆ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಪಂಚಾಯಿತಿಯವರು ಉತ್ತರ ಕೊಡಬೇಕು. ಕೊಡುತ್ತಾರೆ ಕೂಡ... ಉತ್ತರ ಕೊಡುವುದಕ್ಕೇನು ಖರ್ಚೇ!

ಎಂಟನೇ ಕ್ಲಾಸಿನ ನಾಗವೇಣಿ ಎದ್ದು ನಿಂತಳು.

"ಸರ, ಹೋದ ವರ್ಷನೂ ಇದನ್ನ ಕೇಳಿದ್ವಿ. ಸಾಲಿ ಗೇಟಿನ ಮುಂದ ಬರೇ ಚಿಪ್ಸು, ಬಣ್ಣದ ನೀರು ಮಾರ್ತಾರ. ಹುಡುಗ್ರು ಅದನ್ನ ತಿಂದು ಬಿಸಿಯೂಟ ನಾಯಿಗೆ ಹಾಕ್ತಾರ. ಏನ್ ಮಾಡಿದ್ರಿ?"

ಪಿಡಿಒ ಸಾಹೇಬರು ನಗುತ್ತಾ ಮೈಕ್ ಹಿಡಿದರು. "ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ನಾಗವೇಣಿ ಮಾತ್ರ ಕೂರಲಿಲ್ಲ.

"ಸರ, ಇದು ಕರ್ಮಣಿ ಪ್ರಯೋಗ ಆತ್ರಿ... ಕರ್ತರಿ ಪ್ರಯೋಗಕ್ಕ ಬದಲಾಯಿಸ್ರಿ."

"ಹಾಗಂದ್ರೆ ಏನಮ್ಮಾ?"

"ಕೈಗೊಳ್ಳಲಾಗುವುದು ಅಂದ್ರ ಯಾರು ಕೈಗೊಳ್ಳೂದು? ವಾಕ್ಯದಾಗ ಕರ್ತೃನ ಇಲ್ರಿ! ಪರೀಕ್ಷೆದಾಗ ಹಿಂಗ ಬರದ್ರ ನಮ್ಮ ಟೀಚರು ಸೊನ್ನಿ ಕೊಡ್ತಾರ."

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು... ಕನ್ನಡ ಟೀಚರು ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಾಹೇಬರ ಮುಖ ಕೆಂಪಾಯಿತು. "ಆಯ್ತು... ಯಾರ ಅಂಗಡಿಯಮ್ಮಾ ಅದು? ಹೆಸರು ಹೇಳು ನೋಡೋಣ!"

ನಾಗವೇಣಿ ಒಮ್ಮೆ ಗೇಟಿನ ಕಡೆ ನೋಡಿದಳು. ಗೇಟಿನ ಮುಂದೆ ಇರುವುದು ಎರಡೇ ಅಂಗಡಿ. ಅದರಲ್ಲೊಂದರ ದುಡಿಮೆಯಿಂದಲೇ ಅವಳ ಮನೆಯ ಒಲೆ ಉರಿಯುವುದು.

"ಒಂದು... ನಮ್ಮಪ್ಪಂದ್ರಿ ಸರ."

ಹಿಂದೆ ನಿಂತಿದ್ದ ಅಪ್ಪ ಫಕ್ಕೀರಪ್ಪನನ್ನು ಎಲ್ಲರೂ ತಿರುಗಿ ನೋಡಿದರು.

ಇವತ್ತು ಮನೆಗೆ ಹೋದರೆ ಅಪ್ಪ ಗ್ರಹಚಾರ ಬಿಡಿಸುತ್ತಾನೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು...

ಫಕ್ಕೀರಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

"ಸಾಹೇಬ್ರ, ನನ್ನ ಮಗಳು ಖರೇನ ಹೇಳ್ಯಾಳ. ಆದ್ರ ನಾ ಒಬ್ಬಾವ ಬಿಟ್ರ ಹುಡುಗ್ರು ಬಾಜು ಅಂಗಡಿಗೆ ಹೊಕ್ಕಾರ, ನಾ ಉಪವಾಸ ಬೀಳ್ತೀನಿ. ಎಲ್ಲಾರಿಗೂ ಒಂದ ರೂಲ್ ಮಾಡ್ರಿ... ಅದು ನಿಮ್ಮ ಕೈಯಾಗ ಐತಿ, ನನ್ನ ಕೈಯಾಗ ಇಲ್ಲ. ಕುದಿಸಿದ ಶೇಂಗಾ, ಪೇರಲಹಣ್ಣು ಮಾರೂದು ನನಗೂ ಬರ್ತೈತಿ!"

ಸಾಹೇಬರು ಮೈಕ್ ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಹೊಸದಾಗಿ ಕನ್ನಡ ಕಲಿಯುವವರ ಹಾಗೆ ಒಂದೊಂದೇ ಪದ ಹೇಳಿದರು.

"ನಾನು... ಈ ಪಂಚಾಯಿತಿಯ ಪಿಡಿಒ... ಬರುವ ಸೋಮವಾರದೊಳಗೆ... ಎರಡೂ ಅಂಗಡಿಗಳಿಂದ ಆ ಚಿಪ್ಸು, ಬಣ್ಣದ ನೀರಿನ ಪಾಕೀಟುಗಳನ್ನು ತೆಗೆಸುತ್ತೇನೆ."

ಮಕ್ಕಳ ಕೇಕೆಗೆ ಶಾಮಿಯಾನವೇ ಹಾರಿಹೋಗಬೇಕಿತ್ತು! ಫಕ್ಕೀರಪ್ಪ ಬಂದು ಮಗಳ ತಲೆ ಸವರಿದ. ನಾಗವೇಣಿ ಅಳುತ್ತಲೇ ನಕ್ಕಳು.

ಸೋಮವಾರ ಸಂಜೆ ಗೇಟಿನ ಮುಂದೆ ಶೇಂಗಾ ಕುದಿಯುವ ಘಮಘಮ. ಶಾಲೆ ಬಿಟ್ಟೊಡನೆ ಮಕ್ಕಳು ಎರಡೂ ಅಂಗಡಿಗಳನ್ನು ಮುತ್ತಿಕೊಂಡಿದ್ದರು.

ಸಾಹೇಬರು ಖುದ್ದು ಬಂದರು. ಎರಡೂ ಅಂಗಡಿ ನೋಡಿ, ಒಂದು ಹಿಡಿ ಶೇಂಗಾ ತಿಂದು, ನಾಗವೇಣಿಯನ್ನು ಕರೆದರು.

"ಈಗ ಎಷ್ಟು ಮಾರ್ಕ್ಸ್ ಕೊಡ್ತೀಯಮ್ಮಾ?"

"ಹತ್ತಕ್ಕ ಒಂಬತ್ತು ಸರ."

"ಇನ್ನೊಂದು?"

"ಅದು ಮುಂದಿನ ವರ್ಷದ ಸಭಾದಾಗ್ರಿ... ಅಲ್ಲೀತನಕ ಹಿಂಗ ಇದ್ರ!"

*ಸರ್ಕಾರದ ಮಾತಿಗೆ ಕರ್ತೃ ಸಿಗುವುದು, ಜನ "ಯಾರು? ಯಾವಾಗ?" ಎಂದು ಕೇಳಿದಾಗ ಮಾತ್ರ.*

ನಿಮ್ಮ ಮಕ್ಕಳ ಶಾಲೆಯ ಗೇಟಿನ ಮುಂದೆ ಏನು ಮಾರುತ್ತಾರೆ... ಅದರ ಬಗ್ಗೆ ನೀವು ಯಾರನ್ನು ಕೇಳಿದ್ದೀರಿ?