ಯಾರೂ ನೋಡದ ಹೆಸರು

ಲಿಂಕಿನ ಕೊನೆಯ ಅಕ್ಷರಗಳನ್ನು ಕಲ್ಲೇಶ ಮೂರನೆಯ ಸಲ ಕೂಡಿಸಿ ಓದಿದ. ಅನುಮಾನವೇ ಉಳಿಯಲಿಲ್ಲ. ಅಲ್ಲಿದ್ದದ್ದು ದಾದೇಸಾಬನ ಹೆಸರು.

ಆಪ್ ಕಲ್ಲೇಶನದು. ಗಂಗಾವತಿ ಸುತ್ತಲಿನ ಇಪ್ಪತ್ತೆರಡು ಸಾವಿರ ರೈತರು ಭತ್ತ ಕೊಯ್ಯುವ ಯಂತ್ರ ಗೊತ್ತುಮಾಡುವುದು ಅದರಲ್ಲೇ. ಅವರ ಫೋನಿನಲ್ಲಿ ಚಿತ್ರದ ಕೆಳಗೆ ‘ಕಲ್ಲೇಶ ಯಂತ್ರಸೇವೆ’ ಎಂದಿರುತ್ತದೆ. ಅದನ್ನು ಯಂತ್ರದ ಕಂಪನಿಯ ಮೇಘಾ ಮೇಡಂಗೆ ಕಳಿಸೋಣವೆಂದು ಲಿಂಕ್ ತೆಗೆದರೆ, ಅದರ ಬಾಲದಲ್ಲಿ ಗ್ರೀಸ್ ಕೈಯ ಗ್ಯಾರೇಜಿನವನೊಬ್ಬ ಕೂತಿದ್ದಾನೆ. ಮೇಡಂ ಮುಂದಿನ ತಿಂಗಳು ಬರುವವರಿದ್ದರು. ಅಷ್ಟು ರೈತರು ಕೈಯಲ್ಲಿರುವುದನ್ನು ನೋಡಿಯೇ ಇಡೀ ಜಿಲ್ಲೆಯ ಏಜೆನ್ಸಿ ಕೊಡುವ ಮಾತಾಗಿತ್ತು. ಹಳೇ ಟ್ರ್ಯಾಕ್ಟರ್ ಮಾರುವವ ಎಂಬ ಹಣೆಪಟ್ಟಿ ಕಳಚಿಕೊಳ್ಳಲು ಕಲ್ಲೇಶ ಹತ್ತು ವರ್ಷ ಕಾದಿದ್ದ.

ಆಪ್ ಮಾಡಿಕೊಟ್ಟವಳು ದಾದೇಸಾಬನ ಮಗಳು ಶಮಾ. ಕರೆಸಿದ. ಕೂರು ಎನ್ನಲಿಲ್ಲ.

“ನನ್ನ ಆಪ್‌ನ್ಯಾಗ ನಿಮ್ಮಪ್ಪನ ಹೆಸರ ಯಾಕ?”

“ಅದು ಹೆಸರಲ್ರಿ ಕಾಕಾರ, ಗುರ್ತು. ಆಪ್ ಮೊದಲ ಸಲ ಹಾಕುವಾಗ ಏನ ಗುರ್ತು ಇಡ್ಲಿ ಅಂತ ಕೇಳಿದ್ನ್ರಿ. ‘ರೈತರಿಗೆ ಕಾಣ್ತೈತೇನು’ ಅಂದ್ರಿ. ಇಲ್ಲ ಅಂದೆ. ‘ಹಂಗಾದ್ರ ಏನರ ಹಾಕು’ ಅಂದ್ರಿ. ಅಪ್ಪನ ಫೋನಿನ್ಯಾಗ ಪರೀಕ್ಷಾ ಮಾಡ್ತಿದ್ದೆ, ಅವರ ಹೆಸರ ಹಾಕಿದೆ.”

ಹಾಗೆ ಅಂದದ್ದು ಕಲ್ಲೇಶನಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು. ಆಪ್ ಹಾಕುವ ಖಾತೆ ತೆರೆಯಲು ಆಧಾರ್ ಕೇಳಿದಾಗಲೂ “ನಂದ್ಯಾಕ, ನಿಂದ ಕೊಡು” ಎಂದು ಕೈ ತೊಳೆದುಕೊಂಡಿದ್ದ; ಖಾತೆ ಶಮಾಳ ಹೆಸರಿನಲ್ಲೇ ಆಗಿತ್ತು. ತನ್ನಂಥವರು ಕಂಡಕಂಡವರಿಗೆ ಕಾಗದಪತ್ರ ಕೊಡುತ್ತಾ ಕೂರಬಾರದು ಎಂಬುದು ಅವನ ಶಾಣ್ಯಾತನ.

“ಬದಲ ಮಾಡು.”

“ಮ್ಯಾಲಿನ ಹೆಸರ ಬೇಕಾದ್ರ ದಿನಾ ಬದಲ ಮಾಡ್ತೀನ್ರಿ. ಗುರ್ತು ಮಾತ್ರ ಮುಟ್ಟಬ್ಯಾಡ್ರಿ. ಅದನ್ನ ಬದಲ ಮಾಡಿದ್ರ...”

“ನಿಮ್ಮಪ್ಪಗ ಬ್ಯಾಸರ ಆಕ್ಕೈತಿ. ಗೊತ್ತೈತಿ, ನಡಿ.”

ಶಮಾ ಬಾಯಿ ಮುಚ್ಚಿಕೊಂಡು ಹೋದಳು. ಕಳ್ಳತನ ಸಿಕ್ಕಿಬಿದ್ದಿದ್ದಕ್ಕೆ ಮಾತು ನಿಂತಿತು ಎಂದು ಕಲ್ಲೇಶ ತಿಳಿದ. ಹಗಲೆಲ್ಲ ಮಂದಿಯ ಟ್ರ್ಯಾಕ್ಟರ್ ಕೆಳಗೆ ಮಲಗುವವನಿಗೆ ಮಂದಿಯ ಆಪ್ ಒಳಗೂ ಮಲಗುವ ಆಸೆ. ಇಂಥವರನ್ನು ಎಲ್ಲಿಡಬೇಕೋ ಅಲ್ಲೇ ಇಡಬೇಕು.

ಅಕ್ಕನ ಮಗ ಯಂಕೇಶ ಬಸ್ ನಿಲ್ದಾಣದೆದುರು ಝೆರಾಕ್ಸ್ ಅಂಗಡಿ ಇಟ್ಟವ. ಝೆರಾಕ್ಸ್ ಬಂದರೆ ಕಂಪ್ಯೂಟರಿನ ವಿದ್ಯೆಯೆಲ್ಲ ಬಂದಂತೆ ಎಂದು ನಂಬಿದವ. “ಒಂದ ಶಬ್ದ ಅಳಿಸಿ ಒಂದ ಶಬ್ದ ಬರಿಯೋದು, ಮಾಮಾ. ನಾನ ಹೊಸಾ ಖಾತೆ ತೆರದು ಆಪ್ ಹಾಕ್ತೀನಿ” ಎಂದ. ಆಪ್‌ನ ಕೋಡ್ ತುಂಬಿ ಶಮಾ ಹಿಂದೆಯೇ ಕೊಟ್ಟಿದ್ದ ಪೆನ್ ಡ್ರೈವನ್ನು ಕಲ್ಲೇಶ ಅವನ ಕೈಗಿಟ್ಟ.

ನಾಳೆ ಹುಡುಗಿ ತಕರಾರು ತೆಗೆದರೆ? ಕಲ್ಲೇಶ ಬಾಂಡ್ ಕಾಗದ ತರಿಸಿ, ತಾನೇ ಹೇಳಿ ಬರೆಸಿದ. ದಾದೇಸಾಬ ಎಂಬ ಗುರುತಿನ ಆಪ್ ಪೂರ್ತಿ ಶಮಾಳದು, ಕಲ್ಲೇಶನಿಗೆ ಅದರಲ್ಲಿ ಯಾವ ಹಕ್ಕೂ ಇಲ್ಲ. ಕಲ್ಲೇಶ ಎಂಬ ಗುರುತಿನ ಆಪ್ ಪೂರ್ತಿ ಕಲ್ಲೇಶನದು, ಶಮಾಳಿಗೆ ಅದರಲ್ಲಿ ಯಾವ ಹಕ್ಕೂ ಇಲ್ಲ. ಗುರುತು ಬದಲಾದ ಮೇಲೆ ಅವಳ ಪಾಲಿಗೆ ಉಳಿಯುವುದು ಬರೀ ಅಪ್ಪನ ಹೆಸರು ಎಂದು ಒಳಗೊಳಗೇ ನಕ್ಕ.

ಮತ್ತೆ ಕರೆಸಿದಾಗ ಶಮಾ ಅದನ್ನು ಎರಡು ಸಲ ಓದಿದಳು.

“ಖರೇನ ಇದಕ್ಕ ಸಹಿ ಹಾಕ್ತೀರೇನ್ರಿ ಕಾಕಾರ? ಒಮ್ಮಿ ಯಾರಿಗರ ಕೇಳ್ರಿ.”

“ನಿಮ್ಮಪ್ಪನ ಹೆಸರ ನಿಮಗ ಬಿಟ್ಟೀನಿ. ಕಟ್ಟು ಹಾಕಿಸಿ ಗ್ಯಾರೇಜಿನ್ಯಾಗ ತೂಗಹಾಕ್ರಿ.”

ಅವನು ಸಹಿ ಹಾಕಿದ. ಅವಳೂ ಹಾಕಿದಳು. ಕಲ್ಲೇಶನ ತಲೆಯ ಮೇಲೆ ಗೋಡೆಯಲ್ಲಿ ಗಿರಾಕಿಗಳಿಗೆಂದು ಬರೆಸಿದ ಹಲಗೆಯಿತ್ತು: ‘ಬಣ್ಣ ನೋಡಬೇಡಿ, ಚಾಸಿ ನಂಬರ್ ನೋಡಿ.’

ಎರಡು ವಾರದ ಮೇಲೆ ಯಂಕೇಶನ ಕೆಲಸ ಮುಗಿಯಿತು. ಕಲ್ಲೇಶನ ಫೋನಿನಲ್ಲಿ ಒಂದೇ ಹೆಸರಿನ ಎರಡು ಆಪ್ ಕೂತವು. ಹಳೆಯದನ್ನು ಅವನು ಬೆರಳಲ್ಲಿ ಒತ್ತಿ ತೆಗೆದುಹಾಕಿದ. ಪೀಡೆ ತೊಲಗಿತು ಎಂದುಕೊಂಡ. ಕೊಯ್ಲಿಗೆ ಇನ್ನೂ ದಿನವಿದ್ದುದರಿಂದ ಯಂತ್ರ ಕೇಳಿ ಯಾರೂ ಬರಲಿಲ್ಲ, ಬರದಿದ್ದುದು ಅವನಿಗೆ ವಿಶೇಷವೆನಿಸಲೂ ಇಲ್ಲ.

ಮೇಘಾ ಮೇಡಂ ಬಂದ ದಿನ ಹಾರ ತಯಾರಿತ್ತು. ಅವರು ಹಾರ ಮುಟ್ಟಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಫೋನ್ ತೆಗೆದರು.

“ನಿಮ್ಮ ಆಪ್‌ನ್ಯಾಗ ಎಷ್ಟು ರೈತರು ಅದಾರ್ರಿ?”

“ಇಪ್ಪತ್ತೆರಡು ಸಾವಿರ್ರೀ.”

“ಮೂರು ಮಂದಿ ಅಂತ ತೋರಸ್ತೈತಿ.”

ಮೂವರು ಯಾರೆಂದು ಕಲ್ಲೇಶನಿಗೆ ಹೊಳೆಯಲು ಹೊತ್ತು ಹಿಡಿಯಲಿಲ್ಲ. ತಾನು, ಯಂಕೇಶ, ಯಂಕೇಶನ ಹೆಂಡತಿ.

“ಗುರ್ತು ಬದಲ ಆದ್ರ ಅದು ಬ್ಯಾರೇ ಆಪ್ ಆಕ್ಕೈತ್ರಿ. ರೈತರೆಲ್ಲಾ ಹಳೇದರಾಗ ಉಳದಾರ. ಆ ಹುಡುಗಿ ನಿಮಗ ಹೇಳಾಕ ಬಂದಿದ್ಲಂತ.” ಮೇಡಂ ಎದ್ದರು. “ನೀವು ಬರಸಿದ ಬಾಂಡ್ ಪೇಪರ್ ನೋಡೀನ್ರಿ. ಏಜೆನ್ಸಿ ಮಾತು ಮುಂಜಾನೇನ ಆಕಿ ಜೋಡಿ ಗ್ಯಾರೇಜಿನ್ಯಾಗ ಮುಗೀತು. ನಿಮಗೂ ಒಂದ ಮಾತ ಹೇಳಿ ಹೋಗೋಣಂತ ಬಂದೆ.”

“ಗುರ್ತು ಯಾರಿಗೆ ಬೇಕ್ರಿ ಮೇಡಂ? ರೈತರು ನೋಡೋದು ನನ್ನ ಹೆಸರ.” ಕಲ್ಲೇಶ ಬಾಗಿಲಿಗೆ ಬಂದ. ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆಯುತ್ತಿದ್ದ ಕಾಳಪ್ಪನಿಗೆ ಸಾಣಾಪುರದಲ್ಲಿ ಎರಡೆಕರೆ ಗದ್ದೆಯಿತ್ತು. ಹಳೇ ಆಪ್ ಅವನ ಫೋನಿನಲ್ಲೂ ಇತ್ತು. “ಕಾಳಪ್ಪಾ, ನಿನ್ನ ಫೋನ್ ತೋರಸು ಮೇಡಮ್ಮಗ. ಯಾರ ಹೆಸರ ಐತಿ ಓದು.”

ಮುದುಕ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನನ್ನು ದೂರಕ್ಕೆ ಹಿಡಿದು ಓದಿದ.

“‘ದಾದೇಸಾಬ ಯಂತ್ರಸೇವೆ’ ಅಂತ ಐತ್ರಿ ಸಾವಕಾರ್ರ. ಮುಂಜಾನಿಂದ ಊರಾಗ ಎಲ್ಲಾರ ಫೋನಿನ್ಯಾಗೂ ಹಿಂಗ ಬಂದೈತಿ.”