ಅಜ್ಜಿಗೆ ಹನ್ನೊಂದು ದಿನದ ಉಸಿರು

ಅಜ್ಜಿಗೆ ಇನ್ನು ಹನ್ನೊಂದು ದಿನಕ್ಕಾಗುವಷ್ಟೇ ಉಸಿರು ಬಾಕಿ ಇತ್ತು. ಅಂದರೆ ಮಂಗಳ ಗ್ರಹದ ಮೇಲಿದ್ದ ಅಜ್ಜಿಗೆ. ಕಾಣಿಯೂರಿನ ಅಡಿಗೆಮನೆಯಲ್ಲಿ ಕಾಯಿ ಹೆರೆಯುತ್ತಿದ್ದ ಅಸಲಿ ಅಜ್ಜಿ, ಸತ್ಯವತಿಯಮ್ಮ, ನಾಲ್ಕು ಮನೆಗೆ ಸಾಲುವಷ್ಟು ಉಸಿರಿನಲ್ಲಿ ಕೂಗಿದರು: "ಕೂಸೇ, ನಾನು ಇವತ್ತಾದರೂ ಬರ್ತೇನಾ, ಇಲ್ವಾ?"

"ಬರ್ತಿ ಅಜ್ಜಿ, ಸ್ವಲ್ಪ ತಾಳು!" ಎಂದಳು ಮೊಮ್ಮಗಳು ಸಾಕ್ಷಿ. ಓದುತ್ತಿರುವುದು ಬಿಸಿಎ ಎರಡನೇ ವರ್ಷ. ಲ್ಯಾಪ್‌ಟಾಪಿನ ರಾಕೆಟ್ ಆಟದಲ್ಲಿ ಮಾತ್ರ ಆಗಲೇ ಡಾಕ್ಟರೇಟ್. ಆಟದ ಗಗನಯಾತ್ರಿಗೆ ಅಜ್ಜಿಯ ಹೆಸರಿಟ್ಟು, ಮಂಗಳದಲ್ಲಿ ಮನೆ ಕಟ್ಟಿಸಿ ಕೂರಿಸಿದ್ದು ದೀಪಾವಳಿ ರಜೆಯಲ್ಲಿ. ವಾಪಸು ಬರಲು ಇಂಧನ ಇಡಬೇಕೆಂಬುದನ್ನು ಮರೆತದ್ದೂ ಅದೇ ರಜೆಯಲ್ಲಿ. ಅಜ್ಜಿಯೋ, ಬೇಲಿಯಾಚೆಯ ಮೈಮೂನಮ್ಮನಿಗೆ "ಈ ಭಾನುವಾರ ಅಲ್ಲಿಂದ ಹೊರಡ್ತೇನೆ" ಎಂದು ಹೇಳಿಯೂ ಆಗಿತ್ತು. ಇವತ್ತೇ ಭಾನುವಾರ. ಮನೆತನದ ಮರ್ಯಾದೆಯ ಪ್ರಶ್ನೆ.

ಅಜ್ಜಿಯನ್ನು ಕರೆತರುವ ನೌಕೆ ಮಂಗಳಕ್ಕೆ ಸುತ್ತು ಹಾಕುತ್ತಾ ಕಾದಿತ್ತು. ಬೆಳಗ್ಗೆ ನೀರಿನ ಹಾಗೆ ಹರಿಯುತ್ತಿದ್ದ ಆಟ, ಗಂಟೆ ಒಂಬತ್ತಾದದ್ದೇ ತಡ, ಸೆಕೆಂಡಿಗೆ ನಾಲ್ಕೇ ಚಿತ್ರ ತೋರಿಸುತ್ತಾ ಕುಂಟತೊಡಗಿತು. ವೇಗ ತಗ್ಗಿಸಲು ಗುಂಡಿ ಒತ್ತಿದರೆ ಆ ಸುದ್ದಿ ನೌಕೆಗೆ ಮುಟ್ಟುವಷ್ಟರಲ್ಲಿ ನೌಕೆ ನೆಲಕ್ಕೆ ಮುಟ್ಟಿರುತ್ತಿತ್ತು. ಮೂರು ಸಲ ಇಳಿಸಿದಳು, ಮೂರು ಸಲವೂ ಹಪ್ಪಳ. ಮೂರು ಸಲವೂ ಆಟ ಉಳಿಸಿಟ್ಟಿದ್ದ ಹಳೆಯ ಸೇವ್ ತೆರೆದು ಮೊದಲಿನಿಂದ ಶುರು.

ಅನುಮಾನ ಹೋದದ್ದು ಮಾಡ್‌ಗಳ ಮೇಲೆ. ಮೂಲ ಆಟಕ್ಕೆ ಊರೂರಿನ ಹವ್ಯಾಸಿಗಳು ಬರೆದು ಹಂಚುವ ಸೇರ್ಪಡೆಗಳು ಅವು. ಸಾಕ್ಷಿ ಅಂಥವನ್ನು ನೂರಾ ಆರು ಹೇರಿದ್ದಳು. ಮನೆಯ ಹೆಂಚಿನ ಮಾಡಿಗೂ ಅಷ್ಟು ಭಾರ ಇರಲಿಕ್ಕಿಲ್ಲ. ಮೋಡ ತೋರಿಸಲು ಒಂದು, ಉಸಿರು ಲೆಕ್ಕ ಹಾಕಲು ಒಂದು, ಮಂಗಳದಲ್ಲಿ ಮನೆ ಕಟ್ಟಲು ಒಂದು. ಇನ್ನು ಕೆಲವು ಯಾತಕ್ಕೆಂದು ಅವಳಿಗೇ ನೆನಪಿಲ್ಲ. ಆಟಗಾರರ ಫೋರಮ್ಮಿನಲ್ಲಿ ಅಳಲು ತೋಡಿಕೊಂಡಳು. ಅಲ್ಲಿಯ ಪಂಡಿತನೊಬ್ಬ ತಾಂಬೂಲ ಪ್ರಶ್ನೆಗೆ ಕೂತ ಜೋಯಿಸರ ಗತ್ತಿನಲ್ಲಿ ಅಪ್ಪಣೆ ಕೊಟ್ಟ: "ದೋಷ ಮಾಡ್‌ಗಳಲ್ಲೇ ಕಾಣುತ್ತದೆ. ಅರ್ಧ ತೆಗೆಯಿರಿ. ಸರಿಯಾದರೆ ದೋಷ ತೆಗೆದದ್ದರಲ್ಲಿ, ಆಗದಿದ್ದರೆ ಉಳಿದದ್ದರಲ್ಲಿ. ಮೊದಲು ಸೇವ್‌ನ ನಕಲು ಇಟ್ಟುಕೊಳ್ಳಿ." ಕೊನೆಯ ವಾಕ್ಯ ದಪ್ಪ ಅಕ್ಷರದಲ್ಲಿತ್ತು. ದಪ್ಪ ಅಕ್ಷರ ಇರುವುದು ಕಣ್ಣು ಮಂದವಾದವರಿಗೆ ಎಂದು ಸಾಕ್ಷಿ ಅದನ್ನು ದಾಟಿ ಹೋದಳು.

ಐವತ್ತಮೂರು ಮಾಡ್ ತೆಗೆದು ಆಟ ತೆರೆದಳು. ಪರದೆಯಲ್ಲಿ ಪೆಟ್ಟಿಗೆಯೊಂದು ಮೂಡಿ ಉದ್ದಕ್ಕೆ ಏನೋ ಎಚ್ಚರಿಸಿತು. ಓದದೆ 'ಓಕೆ' ಒತ್ತಿದಳು. ಏನಾಶ್ಚರ್ಯ! ಸೆಕೆಂಡಿಗೆ ಅರುವತ್ತು ಚಿತ್ರ! "ಕಳ್ಳ ಸಿಕ್ಕಿದ!" ಎಂದು ಕುಣಿದು, ಆ ಖುಷಿಯಲ್ಲೇ ಹಳೆಯ ಸೇವ್‌ನ ಮೇಲೆ ಹೊಸ ಸೇವ್ ಜಡಿದಳು. ಆಗ ಗಂಟೆ ಹತ್ತೂವರೆ. ತೋಟದಿಂದ ಬಂದಿದ್ದ ಅಪ್ಪ ಮುರಳಿಕೃಷ್ಣ ಜಗಲಿಯಲ್ಲಿ ಚಾ ಹೀರುತ್ತಿದ್ದರು. ಅವರು ಲೋಟ ಇಟ್ಟು ಹೋದ ಐದನೇ ನಿಮಿಷಕ್ಕೆ ಆಟ ಪುನಃ ಕುಂಟಿತು.

ಸಾಕ್ಷಿ ಹೆಡ್‌ಫೋನ್ ಕಿತ್ತು ಹಾಸಿಗೆಗೆ ಎಸೆದಳು. ಮಿಕ್ಸಿಯ ಜಾರು ಹಿಡಿದು ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

"ಎಂತ ಕೂಸೇ, ನಿನ್ನದೂ ತಿರುಗುದಿಲ್ವಾ?"

"ಇದು ಮಿಕ್ಸಿ ಅಲ್ಲ ಅಜ್ಜಿ, ಸಾಫ್ಟ್‌ವೇರಿನ ಸಮಸ್ಯೆ. ನಿಂಗೆ ಅರ್ಥ ಆಗ್ಲಿಕ್ಕಿಲ್ಲ."

"ಅದು ಹೌದು ಮಾರಾಯ್ತಿ. ನಂಗೆ ಗೊತ್ತಿರುದು ಇಷ್ಟೇ. ಒಂಬತ್ತಕ್ಕೆ ತ್ರೀಫೇಸ್ ಬರ್ತದೆ, ನಿನ್ನಪ್ಪ ಪಂಪು ಹಾಕ್ತಾನೆ, ವೋಲ್ಟೇಜು ಬೀಳ್ತದೆ, ಸ್ಟೆಬಿಲೈಸರು 'ಟಕ್' ಹೇಳ್ತದೆ, ಮಿಕ್ಸಿ ನಿಲ್ತದೆ. ಅವ ಪಂಪು ನಿಲ್ಲಿಸಿ ಚಾಕ್ಕೆ ಬಂದಾಗ ಇನ್ನೊಂದು 'ಟಕ್'. ಆಗ ನಾನು ಸಾಂಬಾರಿಗೆ ಅರೆದುಕೊಂಡೆ. ನಿನ್ನ ಚಾರ್ಜರು ಇರುದೂ ಅದೇ ಸ್ಟೆಬಿಲೈಸರಿನಲ್ಲಿ ಅಲ್ವಾ? ಕಿವಿಗೆ ಅದೆಂತದೋ ತುರುಕಿಕೊಂಡ್ರೆ 'ಟಕ್' ಕೇಳುದು ಹೇಗೆ?"

ಸಾಕ್ಷಿ ಬಗ್ಗಿ ನೋಡಿದಳು. ಚಾರ್ಜರಿನ ದೀಪ ಸತ್ತಿತ್ತು. ಅಪ್ಪ ಚಾ ಕುಡಿದ ಹೊತ್ತು ಬಿಟ್ಟರೆ ಒಂಬತ್ತರಿಂದಲೂ ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ, ಶಕ್ತಿ ಉಳಿಸಲೆಂದು ತೆವಳುತ್ತಿತ್ತು. ನೂರಾ ಆರು ಮಾಡ್‌ಗಳೂ ನಿರಪರಾಧಿಗಳು. ಜಗತ್ತಿನ ಫೋರಮ್ಮುಗಳೆಲ್ಲ ಸೇರಿದರೂ ಅಪ್ಪನ ಪಂಪಿನ ಟೈಮ್‌ಟೇಬಲ್ ಅವರಿಗೆ ಗೊತ್ತಾಗುವುದು ಹೇಗೆ?

ಹನ್ನೆರಡೂವರೆಗೆ ಅಪ್ಪ ಪಂಪು ನಿಲ್ಲಿಸಿ ಊಟಕ್ಕೆ ಬಂದರು. ಟಕ್. ಸಾಕ್ಷಿ ನೌಕೆಯನ್ನು ಇಳಿಸತೊಡಗಿದಳು. ಅಜ್ಜಿ ಕನ್ನಡಕ ಏರಿಸಿ ಪಕ್ಕದಲ್ಲೇ ನಿಂತರು. ದೇವರ ಮುಂದೆ ಹೂವಿಟ್ಟ ಹಾಗೆ ನೌಕೆ ಕೆಂಪು ನೆಲದ ಮೇಲೆ ಕೂತಿತು, 'ಸತ್ಯವತಿ, ಕಾಣಿಯೂರು' ಎಂದು ಬರೆದಿದ್ದ ಬಾವುಟದಿಂದ ಹತ್ತೇ ಹೆಜ್ಜೆಯಲ್ಲಿ.

ಬಾವುಟ ಇತ್ತು. ಸುತ್ತ ಬರೀ ಮಣ್ಣು.

"ನನ್ನ ಮನೆ ಎಲ್ಲಿ?" ಕೇಳಿದರು ಅಜ್ಜಿ.

ಆ ಪೆಟ್ಟಿಗೆಯಲ್ಲಿ ಏನು ಬರೆದಿತ್ತೆಂದು ಸಾಕ್ಷಿಗೆ ಈಗ ಓದದೆಯೇ ತಿಳಿಯಿತು. ತೆಗೆದ ಅರ್ಧದಲ್ಲಿ ಮನೆ ಕಟ್ಟುವ ಮಾಡೂ ಇತ್ತು. "ಆ ಮಾಡ್ ತೆಗೆದೆ ಅಜ್ಜಿ. ಅದರೊಟ್ಟಿಗೆ ಮನೆಯೂ ಹೋಯ್ತು."

"ಮನೆಯೊಳಗೆ ನಾನಿದ್ದೆನಲ್ಲ?"

ಸಾಕ್ಷಿ ಹಳೆಯ ಸೇವ್‌ಗಾಗಿ ತಡಕಾಡಿದಳು; ಅದರ ಮೇಲೆ ಹೊಸದನ್ನು ಜಡಿದವಳು ಅವಳೇ. ಅಜ್ಜಿ ಬಾವುಟವನ್ನೂ ಖಾಲಿ ನೌಕೆಯನ್ನೂ ಒಂದು ಗಳಿಗೆ ನೋಡಿದರು.

"ಇಳಿಸಿದ್ದು ಮಾತ್ರ ಭಾರೀ ಲಾಯ್ಕಾಯ್ತು," ಎಂದು ಚಾರ್ಜರಿನ ಪ್ಲಗ್ ಕಿತ್ತು ಮಿಕ್ಸಿಯದನ್ನು ಚುಚ್ಚಿದರು. "ಇನ್ನು ಬದಿಗೆ ಸರಿ. ನಿನ್ನಪ್ಪ ಕೈಕಾಲು ತೊಳೆದು ಬರುವಷ್ಟರಲ್ಲಿ ತೀರಿಹೋದವಳು ತಂಬುಳಿಗೆ ಅರೆದು ಮುಗಿಸಬೇಕು."